ಆಫೀಸಿಗೆ ಹೋಗುವ ಕಾರಿಗೇ ಹೆಚ್ಚು ಆಸರೆ ಬೇಕು

ಟೊಯೊಟಾ 86, ಸುಬಾರು ಬಿಆರ್‌ಝಡ್, ಸಯಾನ್ ಎಫ್‌ಆರ್-ಎಸ್. ಹೆಸರು ಮೂರು, ಕಾರು ಒಂದೇ. 2012ರಲ್ಲಿ ಬಂದ ಈ ಪುಟ್ಟ ಸ್ಪೋರ್ಟ್ಸ್ ಕಾರನ್ನು ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಹುಡುಗರು ಕೆಲವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ದಿನಾ ಆಫೀಸಿಗೆ ಓಡಿಸುತ್ತಾರೆ. ಓಡಿಸಿದ ಸ್ವಲ್ಪ ದಿನಕ್ಕೇ ಪಿಕಪ್ ಸಾಲದು ಅನ್ನಿಸುತ್ತದೆ, ಸೂಪರ್‌ಚಾರ್ಜರ್ ಹಾಕಿಸುವ ಯೋಚನೆ ಬರುತ್ತದೆ. ಆಗ ಅವರಿಗೆ ಎಲ್ಲ ಕಡೆಯಿಂದಲೂ ಸಿಗುವ ಉಪದೇಶ ಇದು: "ಆರೇಳು ಪಿಎಸ್‌ಐ ಬೂಸ್ಟ್ ತಾನೆ, ಟ್ರ್ಯಾಕಿಗೇನೂ ಹೋಗುವುದಿಲ್ಲವಲ್ಲ. ಕಿಟ್ ಹಾಕಿಸು, ಅದರ ಜೊತೆ ಬರುವ ಟ್ಯೂನನ್ನು ಎಂಜಿನ್ ಕಂಪ್ಯೂಟರಿಗೆ ತುಂಬಿಸು, ಸಾಕು. ಆಯಿಲ್ ಕೂಲರ್, ಬ್ರೇಕು, ಫ್ಯೂಯೆಲ್ ಪಂಪು ಎಲ್ಲ ರೇಸಿನವರ ತಲೆನೋವು."

ಈ ಉಪದೇಶ ತಲೆಕೆಳಗಾಗಿದೆ. ಸೂಪರ್‌ಚಾರ್ಜರ್‌ಗೆ ಆಸರೆಯಾಗಿ ಮಾಡಬೇಕಾದ ಮಾರ್ಪಾಡುಗಳು ಟ್ರ್ಯಾಕ್ ಕಾರಿಗಿಂತ ದಿನಬಳಕೆಯ ಕಾರಿಗೇ ಹೆಚ್ಚು ಅಗತ್ಯ. ಆಸರೆಗೆ ದುಡ್ಡಿಲ್ಲದವರು ಸೂಪರ್‌ಚಾರ್ಜರ್ ಕೊಳ್ಳಲೇಬಾರದು.

ಆಸೆ ಹುಟ್ಟುವುದು ಸಹಜ, ಅದನ್ನು ನಾನು ಹಳಿಯುವುದಿಲ್ಲ. ಎಂಜಿನ್ ಎರಡು ಲೀಟರಿನದು, 200 ಕುದುರೆ ಶಕ್ತಿ ಸಿಗುವುದು 7000 ಆರ್‌ಪಿಎಂನಲ್ಲಿ. ನಿತ್ಯದ ಓಡಾಟದಲ್ಲಿ ಹೆಚ್ಚು ಬೇಕಾಗುವ 3500ರಿಂದ 4500ರ ನಡುವೆ ಟಾರ್ಕ್ ಕುಸಿಯುತ್ತದೆ. ಹೈವೇಯ ರ‍್ಯಾಂಪಿನಲ್ಲಿ ಕಾಲೊತ್ತಿದವರಿಗೆಲ್ಲ ಆ ತಗ್ಗು ಅನುಭವಕ್ಕೆ ಬಂದಿದೆ. ಇಷ್ಟು ಚೆನ್ನಾಗಿ ತಿರುಗುವ, ಇಷ್ಟು ಹಗುರವಾದ ಕಾರಿಗೆ ಇನ್ನೊಂದಿಷ್ಟು ಬಲ ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸದಿದ್ದರೆ ಅವನಿಗೆ ಕಾರಿನ ಮೇಲೆ ಪ್ರೀತಿಯೇ ಇಲ್ಲ. ನನ್ನ ಜಗಳ ಆಸೆಯ ಜೊತೆಗಲ್ಲ, ಅದನ್ನು ಅಗ್ಗವಾಗಿ ತೀರಿಸಬಹುದು ಎಂದು ನಂಬಿಸುವವರ ಜೊತೆಗೆ.

ಮೊದಲು ಎಂಜಿನ್ನನ್ನೇ ನೋಡೋಣ. ಇದರ ಕಂಪ್ರೆಷನ್ ಅನುಪಾತ 12.5:1. ಸಿಲಿಂಡರಿಗೆ ಬಂದ ಗಾಳಿಯನ್ನು ಈ ಎಂಜಿನ್ ಆಗಲೇ ಹನ್ನೆರಡೂವರೆ ಪಾಲು ಅಮುಕುತ್ತಿದೆ, ಸೂಪರ್‌ಚಾರ್ಜರ್ ಅದಕ್ಕೆ ಮುಂಚೆಯೇ ಒಂದು ಸುತ್ತು ಅಮುಕಿದ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಅಮುಕಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ಪಂಪಿನ ತುದಿ ಸುಡುವುದು ಗೊತ್ತು. ಹೊರಗಿನ ಗಾಳಿ 27 ಡಿಗ್ರಿ ಇದ್ದು, ಸೂಪರ್‌ಚಾರ್ಜರ್‌ನ ದಕ್ಷತೆ ಶೇ. 70 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 7 ಪಿಎಸ್‌ಐ ಬೂಸ್ಟಿನಲ್ಲಿ ಗಾಳಿ 80 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಸ್ಯಾಕ್ರಮೆಂಟೊ ಕಡೆಯ ಬೇಸಿಗೆಯಲ್ಲಿ ಹೊರಗಡೆಯೇ 38 ಡಿಗ್ರಿ ಇರುವಾಗ ಅದು 90ರ ಆಸುಪಾಸು. ಈ ಬಿಸಿಯನ್ನು ಇಂಟರ್‌ಕೂಲರ್ ಇಳಿಸದಿದ್ದರೆ ಮಿಶ್ರಣ ಹದ ಮೀರಿ ಹೊತ್ತಿಕೊಂಡು ಸಿಡಿಯುತ್ತದೆ. ಅದೇ ನಾಕಿಂಗ್. ಪಿಸ್ಟನ್ನಿನ ರಿಂಗ್ ಕೂರುವ ಅಂಚುಗಳು ಒಡೆಯುವುದು ಇದರಿಂದ.

ಇದೇ ಎಫ್‌ಎ20 ಮನೆತನದ ಎಂಜಿನ್ನಿಗೆ ಟರ್ಬೊ ಹಾಕಿ 2015ರ ಡಬ್ಲ್ಯೂಆರ್‌ಎಕ್ಸ್ ಕಾರಿಗೆ ಕೂರಿಸಿದಾಗ ಸುಬಾರು ಏನು ಮಾಡಿತು? ಸಿಲಿಂಡರಿನ ಅಳತೆ ಅದೇ 86 ಮಿ.ಮೀ. ಬೋರು, 86 ಮಿ.ಮೀ. ಸ್ಟ್ರೋಕು. ಕಂಪ್ರೆಷನ್ ಮಾತ್ರ 10.6:1ಕ್ಕೆ ಇಳಿಯಿತು. ಎಂಜಿನ್ ಮಾಡಿದವರೇ, ತಮ್ಮ ವಾರಂಟಿ ಕೊಟ್ಟು, ಆಫೀಸಿಗೂ ಅಂಗಡಿಗೂ ಓಡಿಸುವ ಗಿರಾಕಿಗೆ ಮಾರುವಾಗ ತೆಗೆದುಕೊಂಡ ನಿರ್ಧಾರ ಇದು. ಕಿಟ್ ಹಾಕಿಸುವವನು ಪಿಸ್ಟನ್ ಬದಲಾಯಿಸುವುದಿಲ್ಲ, 12.5:1 ಹಾಗೇ ಉಳಿಯುತ್ತದೆ. ಕಾರ್ಖಾನೆ ಎಂಜಿನ್ನಿನ ಒಳಗೆ ಬಿಟ್ಟುಕೊಟ್ಟ ಜಾಗವನ್ನು ಇವನು ಹೊರಗಿನಿಂದ ಸಂಪಾದಿಸಬೇಕು: ತಂಪು ಗಾಳಿಯಿಂದ, ಒಳ್ಳೆಯ ಇಂಧನದಿಂದ, ಒಂದು ಹಂತ ತಂಪಾದ ಪ್ಲಗ್ಗುಗಳಿಂದ, ಎಚ್ಚರದ ಟ್ಯೂನಿಂಗಿನಿಂದ. ಅವುಗಳನ್ನೇ ಐಚ್ಛಿಕ ಎಂದು ಬಿಟ್ಟರೆ ಆ ಎಂಜಿನ್ನನ್ನು ಕಾಯುವುದು ಯಾವುದು?

"ಆರೇಳು ಪಿಎಸ್‌ಐ ತಾನೆ" ಎನ್ನುವವರು ಬೂಸ್ಟಿನ ಅಂಕಿಯನ್ನು ಅಪಾಯದ ಅಳತೆ ಎಂದುಕೊಂಡಿದ್ದಾರೆ. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್‌ನಲ್ಲಿ ಬೂಸ್ಟ್ ಆರ್‌ಪಿಎಂ ಜೊತೆ ಏರುತ್ತದೆ, 7 ಪಿಎಸ್‌ಐ ಸಿಗುವುದು ರೆಡ್‌ಲೈನ್ ಹತ್ತಿರ ಮಾತ್ರ. ರೂಟ್ಸ್ ಅಥವಾ ಟ್ವಿನ್ ಸ್ಕ್ರೂ ಮಾದರಿಯಲ್ಲಿ ಅದೇ 7 ಪಿಎಸ್‌ಐ ಹೆಚ್ಚುಕಡಿಮೆ 2000 ಆರ್‌ಪಿಎಂನಿಂದಲೇ ಮೈಮೇಲೆ ಬರುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿ ಒಂದೇ, ಎಂಜಿನ್ ತಿನ್ನುವ ಪೆಟ್ಟು ಬೇರೆ ಬೇರೆ.

ಟ್ರ್ಯಾಕಿನಲ್ಲಿ ಓಡಿಸುವವನು ಎಂಜಿನ್ನನ್ನು ಮೇಲಿನ ಆರ್‌ಪಿಎಂನಲ್ಲೇ ಇಡುತ್ತಾನೆ. ಆಫೀಸಿಗೆ ಹೋಗುವವನು ಆರನೇ ಗೇರಿನಲ್ಲಿ, 2000 ಆರ್‌ಪಿಎಂನಲ್ಲಿ, ಏರು ಬಂದಾಗ ಗೇರು ಇಳಿಸಲು ಬೇಸರವಾಗಿ ಕಾಲನ್ನಷ್ಟೇ ಒತ್ತುತ್ತಾನೆ. ಬೂಸ್ಟ್ ಇರುವ ಎಂಜಿನ್ನಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಕಡಿಮೆ. ಪಿಸ್ಟನ್ ನಿಧಾನವಾಗಿ ಚಲಿಸುವಾಗ ಒತ್ತಡಕ್ಕೆ ಹೆಚ್ಚು ಸಮಯ ಸಿಗುತ್ತದೆ, ಕನೆಕ್ಟಿಂಗ್ ರಾಡಿನ ಮೇಲೆ ಪೂರ್ತಿ ಭಾರ ಬೀಳುತ್ತದೆ, ಕೆಲವು ಸಲ ಪ್ಲಗ್ ಕಿಡಿ ಹಾರಿಸುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಹೀಗೆ ಕಿಡಿಗೆ ಮುಂಚೆ ಹೊತ್ತಿಕೊಳ್ಳುವ ರೋಗ ರೇಸ್ ಟ್ರ್ಯಾಕಿನಿಂದ ಬಂದದ್ದಲ್ಲ. ಚಿಕ್ಕ ಟರ್ಬೊ ಎಂಜಿನ್ ಹಾಕಿಕೊಂಡು ಮಕ್ಕಳನ್ನು ಸ್ಕೂಲಿಗೆ ಬಿಡುವ ಸಾಮಾನ್ಯ ಕಾರುಗಳಲ್ಲಿ ಅದು ಎಷ್ಟು ಕಾಡಿತೆಂದರೆ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ 2018ರಲ್ಲಿ ಎಸ್‌ಎನ್ ಪ್ಲಸ್ ಎಂಬ, 2020ರಲ್ಲಿ ಎಸ್‌ಪಿ ಎಂಬ ಆಯಿಲ್ ದರ್ಜೆಗಳನ್ನು ತರುವಾಗ ಇದಕ್ಕೆ ತಡೆಯೊಡ್ಡುವುದನ್ನೇ ಮುಖ್ಯ ಗುರಿಗಳಲ್ಲಿ ಒಂದಾಗಿ ಇಟ್ಟುಕೊಂಡಿತು. ನಿತ್ಯದ ಓಡಾಟ ಎಂಜಿನ್ನಿಗೆ ಮೃದು ಎಂಬ ನಂಬಿಕೆಗೆ ಈ ಒಂದು ಸಂಗತಿಯೇ ಸಾಕಷ್ಟು ಉತ್ತರ.

ಇನ್ನು ಆ ಎರಡು ಕಾರುಗಳ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಟ್ರ್ಯಾಕ್ ಕಾರು ಹೊರಡುವ ಮುಂಚೆ ಎಂಜಿನ್ ಬಿಸಿಯಾಗುವವರೆಗೆ ಕಾಯುತ್ತಾರೆ. ಪ್ರತಿ ಸುತ್ತಿನ ನಂತರ ಬಾನೆಟ್ ಎತ್ತುತ್ತಾರೆ, ಬೆಲ್ಟು ಮುಟ್ಟಿ ನೋಡುತ್ತಾರೆ, ಆಯಿಲಿನ ಮಟ್ಟ ನೋಡುತ್ತಾರೆ. ಇಂಧನ ಎಲ್ಲಿಯದು, ಎಷ್ಟು ಆಕ್ಟೇನಿನದು ಎಂಬುದು ಗೊತ್ತಿರುತ್ತದೆ. ಆಯಿಲ್ ತಾಪಮಾನ ಏರಿದರೆ ಒಂದು ಸುತ್ತು ನಿಧಾನವಾಗಿ ಹೋಗಿ ಒಳಗೆ ಬರುತ್ತಾರೆ. ಕೆಟ್ಟರೆ ಟ್ರೈಲರ್ ಇದೆ.

ಆಫೀಸಿನ ಕಾರು ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಆಗಿ, ಆಯಿಲ್ ಬಿಸಿಯಾಗುವ ಮುಂಚೆಯೇ ಹೈವೇ ಹತ್ತಿರುತ್ತದೆ. ಯಾವ ಬಂಕು ದಾರಿಯಲ್ಲಿ ಸಿಕ್ಕಿತೋ ಅಲ್ಲಿನ ಪೆಟ್ರೋಲು. ಸಂಜೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ತೆವಳುವಾಗ ಎಸಿ ಓಡುತ್ತಿರುತ್ತದೆ, ಬಾನೆಟ್ಟಿನಡಿ ಎಲ್ಲವೂ ಕಾದು ಕೂತಿರುತ್ತದೆ. ಆಮೇಲೆ ದಾರಿ ಬಿಟ್ಟ ತಕ್ಷಣ ಪೂರ್ತಿ ಕಾಲೊತ್ತುತ್ತಾರೆ. ಬಾನೆಟ್ ಎತ್ತುವುದು ಆಯಿಲ್ ಬದಲಿಸುವ ದಿನ, ಅದೂ ಇನ್ಯಾರೋ. ಪಕ್ಕದ ಸೀಟಿನಲ್ಲಿ ಹೆಂಡತಿಯೋ ಅಪ್ಪನೋ ಕೂತಿರುತ್ತಾರೆ. ಇಂಥ ಬದುಕಿನ ಕಾರಿಗೆ ಕಡಿಮೆ ರಕ್ಷಣೆ ಸಾಕು ಎಂದು ಹೇಳುವವರು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂದು ನನಗೆ ಇವತ್ತಿಗೂ ತಿಳಿಯದು. ಡೈನೋ ಮೇಲೆ ಬಾನೆಟ್ ತೆರೆದು, ಎದುರಿಗೆ ದೊಡ್ಡ ಫ್ಯಾನ್ ಇಟ್ಟು, ಕೆಲವು ಸೆಕೆಂಡು ಓಡಿಸಿ ತೆಗೆದ ಗ್ರಾಫ್ ಅವರ ಕೈಲಿರುವ ಏಕೈಕ ದಾಖಲೆ. ಅದರಲ್ಲಿ ಈ ಸಂಜೆಗಳು ಯಾವುವೂ ಇಲ್ಲ.

ಇಂಧನದ ವಿಷಯವನ್ನೇ ತೆಗೆದುಕೊಳ್ಳಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರೀಮಿಯಂ ಪೆಟ್ರೋಲ್ ಎಂದರೆ 93 ಆಕ್ಟೇನ್, ಕ್ಯಾಲಿಫೋರ್ನಿಯಾದಲ್ಲಿ 91. ಈ ಎರಡು ಅಂಕದ ಅಂತರ 12.5:1 ಎಂಜಿನ್ನಿಗೆ ಬೂಸ್ಟ್ ಕೊಟ್ಟಾಗ ಬಹಳ ದೊಡ್ಡದು. 93ಕ್ಕೆ ಬರೆದ ಟ್ಯೂನನ್ನು 91ರ ಊರಿನಲ್ಲಿ ಓಡಿಸುವುದು, ಪ್ರತಿ ಏರಿನಲ್ಲೂ ನಾಕ್ ಸೆನ್ಸರ್ ತನ್ನನ್ನು ಕಾಪಾಡಲಿ ಎಂದು ಹರಕೆ ಹೊತ್ತು ಓಡಿಸುವುದು. ಇದಕ್ಕೆ ಮದ್ದು ಇ85 ಎಂದು ಹೇಳುವವರಿದ್ದಾರೆ. ಎಥನಾಲ್ ನಾಕಿಂಗನ್ನು ತಡೆಯುವುದು ನಿಜ, ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪು ಮಾಡುವುದೂ ನಿಜ. ಆದರೆ ಅಮೆರಿಕದ ಬಂಕುಗಳಲ್ಲಿ ಇ85 ಎಂಬ ಹೆಸರಿನಲ್ಲಿ ಸಿಗುವ ಇಂಧನದ ಎಥನಾಲ್ ಪ್ರಮಾಣ ಊರಿಗೂ ಋತುವಿಗೂ ತಕ್ಕಂತೆ ಶೇ. 51ರಿಂದ 83ರವರೆಗೆ ಬದಲಾಗುತ್ತದೆ. ಎಥನಾಲಿನ ಪ್ರಮಾಣವನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಫ್ಲೆಕ್ಸ್ ಫ್ಯೂಯೆಲ್ ಸೆನ್ಸರ್ ಇಲ್ಲದೆ ಇ85 ಟ್ಯೂನ್ ಹಾಕಿಸಿಕೊಂಡವನು ಚಳಿಗಾಲದ ಒಂದು ಬೆಳಿಗ್ಗೆ ಯಾವ ಇಂಧನದ ಮೇಲೆ ಓಡುತ್ತಿದ್ದಾನೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ, ಎಂಜಿನ್ನಿಗೂ ಗೊತ್ತಿರುವುದಿಲ್ಲ. ಅಲ್ಲದೆ ಇ85ಕ್ಕೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಇಂಧನ ಸುರಿಯಬೇಕು. ಪಂಪೂ ಇಂಜೆಕ್ಟರೂ ಅಷ್ಟನ್ನು ಕೊಡಲಾರದೆ ಹೋದರೆ, ಬೂಸ್ಟ್ ಗರಿಷ್ಠವಿರುವ ಗಳಿಗೆಯಲ್ಲೇ ಮಿಶ್ರಣ ತೆಳುವಾಗುತ್ತದೆ. ಸೆನ್ಸರು, ಪಂಪು, ಇಂಜೆಕ್ಟರು ರೇಸಿನವರಿಗಾಗಿ ಹುಟ್ಟಿದವಲ್ಲ. ಇಂಧನವನ್ನು ತಾನೇ ಆರಿಸಿಕೊಳ್ಳಲಾಗದ ಮನುಷ್ಯನಿಗೆ ಅವು ಬೇಕು.

ಆಯಿಲಿನ ವಿಷಯದಲ್ಲಿ ಎದುರು ಪಕ್ಷದ ಒಂದು ಮಾತು ಸರಿಯಿದೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಜೋರಾಗಿ ಓಡಿಸಿದಾಗ ಆಯಿಲ್ ಏರುವಷ್ಟು ಬಿಸಿಗೆ ರಸ್ತೆಯಲ್ಲಿ ಏರುವುದಿಲ್ಲ. ಹಾಗೆಂದು ಆಯಿಲ್ ಕೂಲರ್ ಬೇಡ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಇನ್ನು ಕೆಲವರು ಟ್ರ್ಯಾಕ್ ಕಾರಿನಲ್ಲಿ ಕಂಡದ್ದನ್ನೇ ತಂದು, ಥರ್ಮೋಸ್ಟಾಟ್ ಇಲ್ಲದ ಕೂಲರ್ ಕೂರಿಸುತ್ತಾರೆ. ಎರಡೂ ದಿನಬಳಕೆಯ ಕಾರಿಗೆ ಕೇಡು. ಇದು ಸಿಲಿಂಡರಿನ ಒಳಕ್ಕೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಚಿಕ್ಕ ಓಡಾಟಗಳಲ್ಲಿ ಸ್ವಲ್ಪ ಪೆಟ್ರೋಲು, ಸ್ವಲ್ಪ ನೀರಿನಂಶ ಆಯಿಲಿಗೆ ಸೇರುತ್ತದೆ. ಆಯಿಲ್ ಸರಿಯಾಗಿ ಬಿಸಿಯಾದರೆ ಮಾತ್ರ ಅವು ಆವಿಯಾಗಿ ಹೋಗುತ್ತವೆ. ಥರ್ಮೋಸ್ಟಾಟ್ ಇಲ್ಲದ ಕೂಲರ್ ಚಳಿಗಾಲವಿಡೀ ಆಯಿಲನ್ನು ತಣ್ಣಗಿಟ್ಟು, ಪೆಟ್ರೋಲ್ ಬೆರೆತು ತೆಳುವಾದ ಆ ಆಯಿಲಿನ ಮೇಲೆ ಬೇರಿಂಗುಗಳನ್ನು ತಿರುಗಿಸುತ್ತದೆ. ಕೂಲರೇ ಇಲ್ಲದಿದ್ದರೆ, ಕಾರ್ಖಾನೆ ಹೇಳಿದ 0ಡಬ್ಲ್ಯೂ-20 ಎಂಬ ತೆಳು ಆಯಿಲ್ ಬೇಸಿಗೆಯ ಘಾಟಿಯಲ್ಲಿ ಬೂಸ್ಟಿನ ಭಾರ ಹೊರಬೇಕು. ದಿನಬಳಕೆಯ ಕಾರಿಗೆ ಬೇಕಾದದ್ದು ಥರ್ಮೋಸ್ಟಾಟ್ ಇರುವ ಪ್ಲೇಟಿನ ಕೂಲರು, ಒಂದು ದರ್ಜೆ ದಪ್ಪನೆಯ ಆಯಿಲು, ಅರ್ಧಕ್ಕೆ ಇಳಿಸಿದ ಬದಲಾವಣೆಯ ಅವಧಿ, ಕಣ್ಣಿಗೆ ಬೀಳುವ ಕಡೆ ಆಯಿಲ್ ತಾಪಮಾನದ ಒಂದು ಮೀಟರು. ಟ್ರ್ಯಾಕ್ ಕಾರಿನ ಪಟ್ಟಿಯನ್ನು ಕತ್ತರಿಸಿ ಸಣ್ಣದು ಮಾಡಿದರೆ ಇದು ಸಿಗುವುದಿಲ್ಲ, ದಿನಬಳಕೆಗೆಂದೇ ಬೇರೆಯಾಗಿ ಯೋಚಿಸಬೇಕು.

ತಂಪಿನ ವ್ಯವಸ್ಥೆಯೂ ಹಾಗೆಯೇ. ಇಂಟರ್‌ಕೂಲರನ್ನು ಮುಂದೆ ತೂಗುಹಾಕಿದರೆ ಅದರ ಹಿಂದೆ ಎಸಿ ಕಂಡೆನ್ಸರು, ಅದರ ಹಿಂದೆ ರೇಡಿಯೇಟರು. ವೇಗವಾಗಿ ಓಡುವಾಗ ಗಾಳಿ ಇವನ್ನೆಲ್ಲ ತೂರಿಕೊಂಡು ಹೋಗುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಈ ಮೂರರ ಮೂಲಕವೂ ಗಾಳಿ ಎಳೆಯುವ ಕೆಲಸ ರೇಡಿಯೇಟರ್ ಫ್ಯಾನಿನ ತಲೆಗೆ ಬರುತ್ತದೆ. ಪಕ್ಕದ ಸಂದುಗಳನ್ನು ಮುಚ್ಚಿ ಗಾಳಿಗೆ ದಾರಿ ಮಾಡಿಕೊಡದಿದ್ದರೆ ಮೊದಲು ಎಸಿ ಸೋಲುತ್ತದೆ, ಆಮೇಲೆ ಕೂಲೆಂಟ್ ಕಾಯುತ್ತದೆ. ನೀರಿನಿಂದ ತಂಪು ಮಾಡುವ ಇಂಟರ್‌ಕೂಲರಿನ ಕಿಟ್ಟುಗಳಲ್ಲಿ ಒಂದು ಪುಟ್ಟ ವಿದ್ಯುತ್ ಪಂಪು ಇರುತ್ತದೆ. ಅದು ಸದ್ದಿಲ್ಲದೆ ನಿಂತುಹೋದರೆ ತಿಳಿಯುವುದು ಹೇಗೆ? ಒಳಹೋಗುವ ಗಾಳಿಯ ತಾಪಮಾನ ಏರಿದಾಗ ಟೈಮಿಂಗನ್ನು ಹಿಂದಕ್ಕೆಳೆಯುವ, ಆಮೇಲೂ ಏರಿದರೆ ಥ್ರಾಟಲನ್ನೇ ಮುಚ್ಚುವ ಟ್ಯೂನ್ ಇದ್ದರೆ ಮಾತ್ರ ಎಂಜಿನ್ ಉಳಿಯುತ್ತದೆ. ಕಿಟ್ ಜೊತೆ ಬಂದ, ಎಲ್ಲ ಕಾರಿಗೂ ಒಂದೇ ಎಂಬ ಟ್ಯೂನು ನಿಮ್ಮ ಕಾರಿನ ಸ್ಥಿತಿ ನೋಡಿ ಬರೆದದ್ದಲ್ಲ. ನಿಮ್ಮ ಪೆಟ್ರೋಲಿನಲ್ಲಿ, ನಿಮ್ಮ ದಾರಿಯಲ್ಲಿ ಓಡಿಸಿ, ಲಾಗ್ ತೆಗೆದು, ತಿದ್ದಿಸಿಕೊಳ್ಳಬೇಕು. ಸೂಪರ್‌ಚಾರ್ಜರನ್ನು ವಾಟರ್ ಪಂಪು, ಆಲ್ಟರ್ನೇಟರ್ ಇರುವ ಬೆಲ್ಟಿಗೇ ಸೇರಿಸಿದ ಕಿಟ್ಟಾದರೆ, ಆ ಬೆಲ್ಟು ಹರಿದ ದಿನ ಮೂರೂ ಒಟ್ಟಿಗೆ ನಿಲ್ಲುತ್ತವೆ ಎಂಬುದನ್ನೂ ನೆನಪಿಡಿ.

ಲೋಟಸ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಲು ನೋಡುವವರಿದ್ದಾರೆ. ಲೋಟಸ್ ಎಕ್ಸೀಜ್ ಎಸ್ ಕಾರಿನಲ್ಲಿ ಟೊಯೊಟಾದ 1.8 ಲೀಟರ್ ಎಂಜಿನ್ನಿಗೆ, 11.5:1 ಕಂಪ್ರೆಷನ್ ಇಳಿಸದೆಯೇ, ಈಟನ್ ಎಂ62 ಸೂಪರ್‌ಚಾರ್ಜರ್ ಕೂರಿಸಿ ಮಾರಿದರಲ್ಲ ಎಂದು ಕೇಳುತ್ತಾರೆ. ಮಾರಿದರು, ಒಳ್ಳೆಯ ಕಾರು ಅದು. ಜೊತೆಗೆ ಲೋಟಸ್ ಇನ್ನೇನು ಹಾಕಿತು ಎಂಬುದನ್ನು ಮಾತ್ರ ಇವರು ಹೇಳುವುದಿಲ್ಲ. ಚಾವಣಿಯ ಮೇಲೆ ಬಾಯಿ ತೆರೆದ ಸ್ಕೂಪು ಇಟ್ಟು ಅದರ ಗಾಳಿ ನೇರ ಇಂಟರ್‌ಕೂಲರಿಗೆ ಬೀಳುವಂತೆ ಮಾಡಿತು. ದೊಡ್ಡ ಇಂಜೆಕ್ಟರುಗಳು, ಹೆಚ್ಚು ಹರಿಸುವ ಫ್ಯೂಯೆಲ್ ಪಂಪು, ಹೆಚ್ಚು ಟಾರ್ಕ್ ತಡೆಯುವ ಕ್ಲಚ್ ಪ್ಲೇಟು, ಮುಂದಿನ ಎರಡೂ ಮೂಲೆಗಳಲ್ಲಿ ಆಯಿಲ್ ಕೂಲರು. ಪ್ರತಿ ಗ್ರಾಮನ್ನೂ ಲೆಕ್ಕ ಹಾಕುವ ಕಂಪನಿ ಅದು. ಹಗುರತನವನ್ನೇ ಧರ್ಮವಾಗಿಸಿಕೊಂಡವರು ಈ ಭಾರವನ್ನೆಲ್ಲ ಸುಮ್ಮನೆ ಹೊತ್ತುಕೊಂಡರೇ? ಎದುರು ಪಕ್ಷದವರು ತೋರಿಸುವ ಕಾರೇ ನನ್ನ ಮಾತಿಗೆ ಸಾಕ್ಷಿ.

"ನನ್ನ ಗೆಳೆಯನ ಕಾರು ಏನೂ ಹಾಕಿಸದೆ ವರ್ಷಗಟ್ಟಲೆ ಓಡಿದೆ" ಎಂಬ ಮಾತೂ ಬರುತ್ತದೆ. ಓಡಿರಬಹುದು. ಏನೂ ಆಗದವರು ಅದನ್ನು ಎಲ್ಲರಿಗೂ ಹೇಳುತ್ತಾರೆ. ರಾಡು ಬಗ್ಗಿದವರು, ಪಿಸ್ಟನ್ ಒಡೆದವರು ಕಾರನ್ನು ಸಿಕ್ಕ ಬೆಲೆಗೆ ಮಾರಿ ಸುಮ್ಮನಾಗುತ್ತಾರೆ. ಉಳಿದವರ ಮಾತನ್ನಷ್ಟೇ ಕೇಳಿ ಲೆಕ್ಕ ಹಾಕಿದರೆ ಎಲ್ಲ ಎಂಜಿನ್ನುಗಳೂ ಗಟ್ಟಿಯಾಗಿಯೇ ಕಾಣುತ್ತವೆ.

ಬ್ರೇಕಿನ ಬಗ್ಗೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇಲ್ಲಿ ಕೆಡುವುದು ಲೋಹವಷ್ಟೇ ಅಲ್ಲ. ಅದೇ ರ‍್ಯಾಂಪಿನ ತುದಿಗೆ ಮೊದಲು 100 ಕಿ.ಮೀ. ವೇಗದಲ್ಲಿ ಬರುತ್ತಿದ್ದವನು ಈಗ 120ರಲ್ಲಿ ಬರುತ್ತಾನೆ. ವೇಗ ಏರಿದ್ದು ಶೇ. 20, ಬ್ರೇಕು ನುಂಗಬೇಕಾದ ಶಕ್ತಿ ಏರಿದ್ದು ಶೇ. 44. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದ ಡಾಟ್ 3 ಆಯಿಲು, ತೇವ ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಟ್ರ್ಯಾಕಿನವರು ಅದನ್ನು ಪದೇ ಪದೇ ಬದಲಿಸುತ್ತಾರೆ, ನಿತ್ಯ ಓಡಿಸುವವರಲ್ಲಿ ಬಹಳ ಮಂದಿಗೆ ಅದನ್ನು ಬದಲಿಸಬೇಕೆಂಬುದೇ ಗೊತ್ತಿಲ್ಲ. ಡಾಟ್ 4 ಆಯಿಲು, ಒಳ್ಳೆಯ ಪ್ಯಾಡು, ಇವು ಸೂಪರ್‌ಚಾರ್ಜರ್‌ನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಖರ್ಚು. ಟೈರು ಕೂಡ: ಈ ಕಾರಿನ ಜೊತೆ ಬಂದ 215 ಅಗಲದ ಮಿಶೆಲಿನ್ ಪ್ರೈಮಸಿ ಟೈರು ಹಿಡಿತಕ್ಕಿಂತ ಜಾರುವ ಮಜಕ್ಕೆ ಆರಿಸಿದ್ದು. 200 ಕುದುರೆಗೆ ಅದು ಚೆಂದ. ಮಳೆ ಬಿದ್ದ ರಸ್ತೆಯಲ್ಲಿ ಬೂಸ್ಟ್ ಸೇರಿದ ಹಿಂದಿನ ಚಕ್ರಗಳಿಗೆ ಅಲ್ಲ.

ಕ್ಲಚ್ಚಿನ ಬಗ್ಗೆ ಒಂದೇ ಮಾತು: ಗಟ್ಟಿಯಾದದ್ದು ಹಾಕಿಸಿ, ಆದರೆ ಟ್ರಾಫಿಕ್ಕಿನಲ್ಲಿ ಕಾಲು ನೋಯಿಸುವ, ಜರ್ಕ್ ಹೊಡೆಯುವ ರೇಸ್ ಕ್ಲಚ್ ಬೇಡ.

ಆಸರೆಗೆ ದುಡ್ಡಿಲ್ಲ ಎನ್ನುವ ಇದೇ ಜನ ಹೆಡರ್‌ಗೆ, ಎಗ್ಸಾಸ್ಟ್‌ಗೆ, ಇನ್ನೂ ಚಿಕ್ಕ ಪುಲ್ಲಿಗೆ ದುಡ್ಡು ಹೊಂದಿಸುತ್ತಾರೆ. ಅಮೆರಿಕದ ಈ ಕಾರುಗಳಲ್ಲಿ ಮೊದಲ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು ಹೆಡರ್‌ನಲ್ಲೇ. ಅದನ್ನು ಕಿತ್ತು ಬರೀ ಪೈಪು ಹಾಕುವುದು ಕಾನೂನಿಗೆ ವಿರೋಧ, ಅಕ್ಕಪಕ್ಕದವರ ಶ್ವಾಸಕ್ಕೂ ವಿರೋಧ. ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ಚಾರ್ಜರ್ ಕಿಟ್ಟಿಗೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಅನುಮತಿ ಸಂಖ್ಯೆ ಇರಬೇಕು. 2021ರ ಜುಲೈನಿಂದ ಸ್ಮಾಗ್ ಪರೀಕ್ಷೆಯಲ್ಲಿ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಗಿದೆಯೇ ಎಂದೂ ನೋಡುತ್ತಾರೆ, ಅನುಮತಿಯಿಲ್ಲದ ಟ್ಯೂನ್ ಸಿಕ್ಕರೆ ಕಾರು ಫೇಲು. ಹೊಸ ಕಾರುಗಳಿಗೆ ಕೆಲವು ವರ್ಷ ಈ ಪರೀಕ್ಷೆಯಿಂದ ವಿನಾಯಿತಿ ಇದೆ, 2012ರ ಕಾರಿಗೆ ಇಲ್ಲ. ದಿನಾ ಓಡಿಸುವ ಕಾರು ನೋಂದಣಿಯಿಲ್ಲದೆ ಗ್ಯಾರೇಜಿನಲ್ಲಿ ನಿಲ್ಲುವಂತಿಲ್ಲ. ಇದನ್ನು ಕಿಟ್ ಕೊಳ್ಳುವ ಮುಂಚೆ ನೋಡಬೇಕು, ಪರೀಕ್ಷೆಯ ನೋಟಿಸು ಬಂದ ಮೇಲಲ್ಲ.

ಹಾಗಾದರೆ ಕ್ರಮ ಯಾವುದು? ಮೊದಲು ಎಂಜಿನ್ನಿನ ಆರೋಗ್ಯ: ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ. ಸೋರುವ ಎಂಜಿನ್ನಿಗೆ ಬೂಸ್ಟ್ ಕೊಡುವ ಮಾತೇ ಇಲ್ಲ. ಆಮೇಲೆ ಬ್ರೇಕು, ಟೈರು. ಆಮೇಲೆ ಆಯಿಲ್, ಕೂಲೆಂಟ್, ಇವುಗಳ ತಾಪಮಾನ ತೋರಿಸುವ ಮೀಟರುಗಳು. ಆಮೇಲೆ ಇಂಧನ. ಕೊನೆಗೆ ಸೂಪರ್‌ಚಾರ್ಜರು, ಅದರ ಜೊತೆಗೇ ನಿಮ್ಮ ಕಾರಿಗಾಗಿ ಬರೆಸಿದ ಟ್ಯೂನು. ಸೂಪರ್‌ಚಾರ್ಜರ್ ಬರುವವರೆಗೆ ಈ ಹಿಂದಿನ ಖರ್ಚು ಯಾವುದೂ ದಂಡವಲ್ಲ. ಬ್ರೇಕು, ಟೈರು, ಕೂಲಿಂಗ್ ಚೆನ್ನಾಗಿರುವ 200 ಕುದುರೆಯ ಕಾರು ಮೊದಲಿಗಿಂತ ಒಳ್ಳೆಯ ಕಾರೇ. ಬರೀ ಸೂಪರ್‌ಚಾರ್ಜರ್ ಹಾಕಿಸಿಕೊಂಡ ಕಾರಿನ ಬಗ್ಗೆ ಆ ಮಾತು ಹೇಳಲಾಗದು.

ಈ ಪಟ್ಟಿಯ ಖರ್ಚು ಕೂಡಿಸಿ ನೋಡಿ. ಕಿಟ್ಟಿನ ಬೆಲೆಯ ಮೇಲೆ ಇದೂ ಸೇರಿದಾಗ ಕೈಗೆಟುಕದಿದ್ದರೆ, ಇನ್ನೊಂದು ದಾರಿಯನ್ನು ಕಾರು ಮಾಡಿದವರೇ ತೋರಿಸಿದ್ದಾರೆ. ಒಂಬತ್ತು ವರ್ಷ ಶಕ್ತಿ ಸಾಲದೆಂಬ ದೂರು ಕೇಳಿ, 2021ರಲ್ಲಿ ಎರಡನೇ ತಲೆಮಾರಿನ ಕಾರು ತಂದಾಗ ಸುಬಾರು, ಟೊಯೊಟಾ ಸೂಪರ್‌ಚಾರ್ಜರನ್ನೂ ಹಾಕಲಿಲ್ಲ, ಟರ್ಬೊವನ್ನೂ ಹಾಕಲಿಲ್ಲ. ಎಂಜಿನ್ನನ್ನು 2.4 ಲೀಟರಿಗೆ ಹಿಗ್ಗಿಸಿದರು. 228 ಕುದುರೆ, 3700 ಆರ್‌ಪಿಎಂನಲ್ಲೇ 250 ನ್ಯೂಟನ್ ಮೀಟರ್ ಟಾರ್ಕು. ಹಳೆಯ ಕಾರು ತಗ್ಗಿಗೆ ಬೀಳುತ್ತಿದ್ದ ಜಾಗದಲ್ಲೇ ಹೊಸದು ಎದ್ದು ನಿಲ್ಲುತ್ತದೆ. ಆಸರೆಯ ಖರ್ಚು ಹೊರಲಾರದವರು ಹಳೆಯದನ್ನು ಮಾರಿ, ಕಿಟ್ಟಿಗೆಂದು ಕೂಡಿಟ್ಟ ಹಣ ಸೇರಿಸಿ, ಆ ಕಾರನ್ನು ಕೊಳ್ಳಿ.